ಪತ್ರಿಕೋದ್ಯಮದ ತರಗತಿಯಿಂದ ಸ್ವಯಂಸೇವಾ ಸಂಸ್ಥೆಯ ಸಂವಹನ ವಿಭಾಗಕ್ಕೆ: ಹಂತ ಹಂತದ ಮಾರ್ಗದರ್ಶಿ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1950ರ ದಶಕದ ಆರಂಭದಲ್ಲಿ ಪತ್ರಿಕೋದ್ಯಮ ಪದವಿಯ ವಿಷಯವಾದಾಗ ಅದನ್ನು ಓದಿದವರ ಮುಂದಿದ್ದ ದಾರಿ ಹೆಚ್ಚುಕಡಿಮೆ ಒಂದೇ ಆಗಿತ್ತು, ಅದು ಪತ್ರಿಕಾಲಯಕ್ಕೆ ಹೋಗುತ್ತಿತ್ತು. ಇಂದು ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರು, ಶಂಕರಘಟ್ಟ, ಕಲಬುರಗಿ, ವಿಜಯಪುರಗಳ ವಿಶ್ವವಿದ್ಯಾಲಯಗಳಿಂದಲೂ ಹತ್ತಾರು ಕಾಲೇಜುಗಳಿಂದಲೂ ಪ್ರತಿ ವರ್ಷ ಪತ್ರಿಕೋದ್ಯಮದ ಪದವೀಧರರು ಹೊರಬರುತ್ತಾರೆ, ಆದರೆ ಅವರೆಲ್ಲರಿಗೂ ಸುದ್ದಿಮನೆಗಳಲ್ಲಿ ಜಾಗವಿಲ್ಲ. ಕೆಲವರು ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕದ ಕಡೆ ಹೋಗುತ್ತಾರೆ, ಕೆಲವರು ಬೋಧನೆಗೆ, ಇನ್ನು ಕೆಲವರು ವಿಷಯವನ್ನೇ ಬಿಟ್ಟು ಬೇರೆ ಉದ್ಯೋಗಕ್ಕೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ, ಅಂದರೆ ನಾವು ಸಾಮಾನ್ಯವಾಗಿ ಎನ್‌ಜಿಒ ಎಂದು ಕರೆಯುವ ಸಂಸ್ಥೆಗಳ ಸಂವಹನ ಕೆಲಸವೂ ಒಂದು ಪೂರ್ಣ ವೃತ್ತಿ ಎಂಬುದು ಅನೇಕ ವಿದ್ಯಾರ್ಥಿಗಳಿಗೆ ಅಂತಿಮ ವರ್ಷ ಮುಗಿಯುವವರೆಗೂ ಗೊತ್ತಿರುವುದಿಲ್ಲ.

ಈ ಮಾರ್ಗದರ್ಶಿ ಅಂಥ ವಿದ್ಯಾರ್ಥಿಗಳಿಗಾಗಿ, ಮತ್ತು ಒಂದೆರಡು ವರ್ಷ ಜಿಲ್ಲಾ ಕಚೇರಿಯಲ್ಲೋ ಡೆಸ್ಕಿನಲ್ಲೋ ದುಡಿದು ಬದಲಾವಣೆ ಬಯಸುತ್ತಿರುವ ಯುವ ಪತ್ರಕರ್ತರಿಗಾಗಿ. ಸಂಸ್ಥೆಗಳು ಪತ್ರಿಕೋದ್ಯಮ ಓದಿದವರನ್ನು ಚೆನ್ನಾಗಿ ಬರೆಯುತ್ತಾರೆ ಎಂಬ ಕಾರಣಕ್ಕೆ ಕರೆಯುತ್ತವೆ. ಆದರೆ ಅಲ್ಲಿ ಉಳಿದು ಬೆಳೆಯುವವರು, ನಾನು ಗಮನಿಸಿದ ಮಟ್ಟಿಗೆ, ಹೇಳಿದ್ದನ್ನು ಪರಿಶೀಲಿಸದೆ ಬರೆಯದವರು. ಮುಂದಿನ ಹಂತಗಳನ್ನೆಲ್ಲ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಜೋಡಿಸಿದ್ದೇನೆ.

ಮೊದಲ ಹಂತ: ಕೆಲಸ ಎಂಥದ್ದು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಿರಿ

ಹುದ್ದೆಯ ಹೆಸರು ಕಮ್ಯುನಿಕೇಷನ್ಸ್ ಆಫೀಸರ್, ಡಾಕ್ಯುಮೆಂಟೇಷನ್ ಆಫೀಸರ್, ಕಂಟೆಂಟ್ ಅಸೋಸಿಯೇಟ್ ಹೀಗೆ ಏನಾದರೂ ಇರಬಹುದು. ಸಣ್ಣ ಸಂಸ್ಥೆಯಲ್ಲಿ ಈ ಎಲ್ಲ ಹೆಸರುಗಳ ಕೆಲಸವನ್ನೂ ಒಬ್ಬರೇ ಮಾಡುತ್ತಾರೆ: ವಾರ್ಷಿಕ ವರದಿ, ದಾನಿಗಳಿಗೆ ಕಳುಹಿಸುವ ಪ್ರಗತಿ ವರದಿ, ಕೇಸ್ ಸ್ಟಡಿ (ನೆರವು ಪಡೆದ ಒಬ್ಬರ ಬದುಕಿನ ಕಥನ), ಫೋಟೊ ಮತ್ತು ಕಿರುಚಿತ್ರ, ಕರಪತ್ರ, ಪ್ರೆಸ್‌ನೋಟ್, ಜಾಲತಾಣ, ಇವುಗಳ ಜೊತೆಗೆ ಅತಿಥಿಗಳು ಬಂದಾಗ ಅವರನ್ನು ಹಳ್ಳಿಗೆ ಕರೆದುಕೊಂಡು ಹೋಗುವುದು. ಅಜೀಂ ಪ್ರೇಮ್‌ಜಿ ಫೌಂಡೇಶನ್, ಅಕ್ಷಯ ಪಾತ್ರ, ಪ್ರಥಮ್ ಬುಕ್ಸ್‌ನಂಥ ಬೆಂಗಳೂರು ಮೂಲದ ದೊಡ್ಡ ಸಂಸ್ಥೆಗಳಲ್ಲಿ ಕೆಲಸ ಹಂಚಿಹೋಗಿರುತ್ತದೆ, ಒಬ್ಬೊಬ್ಬರ ಹೊಣೆಯೂ ಕಿರಿದಾಗಿರುತ್ತದೆ. ಕಲಿಯಲು ಸಣ್ಣ ಸಂಸ್ಥೆ ಒಳ್ಳೆಯದು, ಸಂಬಳಕ್ಕೆ ದೊಡ್ಡದು ಎಂಬುದು ಒರಟಾದ ಲೆಕ್ಕವಾದರೂ ಬಹುಮಟ್ಟಿಗೆ ನಿಜ.

ಈ ಹುದ್ದೆಗಳು ಏಕೆ ಹುಟ್ಟಿದವು ಎಂಬುದನ್ನು ಅರಿಯಲು ಹಣದ ದಾರಿ ನೋಡಬೇಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಂತೆ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ ರೂಪಾಯಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಯಾವುದಾದರೂ ಒಂದು ಮಿತಿಯನ್ನು ಮುಟ್ಟಿದ ಕಂಪನಿಯು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕು. ಕಂಪನಿಗಳ ಈ ಹಣ ಸಂಸ್ಥೆಗಳಿಗೆ ಬರತೊಡಗಿದಾಗ ಅದರ ಬೆನ್ನಿಗೇ ತ್ರೈಮಾಸಿಕ ವರದಿ, ಫೋಟೊ, ಅಂಕಿಅಂಶ, ‘ಯಶೋಗಾಥೆ’ಗಳ ಬೇಡಿಕೆಯೂ ಬಂತು. ಹಿಂದೆ ಕಾರ್ಯದರ್ಶಿಯೇ ರಾತ್ರಿ ಕುಳಿತು ಬರೆಯುತ್ತಿದ್ದ ವರದಿಗೆ ಈಗ ಒಬ್ಬ ಬರಹಗಾರ ಬೇಕಾಯಿತು.

ವಿದೇಶಿ ದೇಣಿಗೆಯ ಕಡೆ ಗಾಳಿ ಬೇರೆ ದಿಕ್ಕಿಗೆ ಬೀಸಿದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ, ಅಂದರೆ ಎಫ್‌ಸಿಆರ್‌ಎಗೆ, 2020ರಲ್ಲಿ ತಂದ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೂ ನಿಲ್ಲಿಸಿತು. ಹೀಗಾಗಿ ವಿದೇಶಿ ನೆರವನ್ನು ನೆಚ್ಚಿದ ಸಂಸ್ಥೆಯಲ್ಲಿ ನಿಮ್ಮ ಸಂಬಳವನ್ನು ಯೋಜನೆಯ ಖರ್ಚಿನಲ್ಲಿ ತೋರಿಸಬೇಕೋ ಆಡಳಿತದ ಖರ್ಚಿನಲ್ಲೋ ಎಂಬ ಪ್ರಶ್ನೆ ಲೆಕ್ಕ ವಿಭಾಗಕ್ಕೆ ತಲೆನೋವು ತರುತ್ತದೆ. ಸಂವಹನ ಮತ್ತು ದಾಖಲೀಕರಣವನ್ನೋ ಸಂವಹನ ಮತ್ತು ನಿಧಿ ಸಂಗ್ರಹವನ್ನೋ ಕೂಡಿಸಿ ಒಂದೇ ಹುದ್ದೆ ಮಾಡುವುದರ ಹಿಂದೆ ಇಂಥ ಲೆಕ್ಕಾಚಾರವೂ ಇರುತ್ತದೆ. ಉದ್ಯೋಗದ ಪ್ರಕಟಣೆ ಓದುವಾಗ ಇದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ಎರಡನೇ ಹಂತ: ಓದುತ್ತಿರುವಾಗಲೇ ಒಂದು ವಿಷಯವನ್ನು ಹಿಡಿಯಿರಿ

ಪತ್ರಿಕೆಯಲ್ಲಿ ವರದಿಗಾರನಿಗೆ ಅಪರಾಧ, ನ್ಯಾಯಾಲಯ, ನಗರಪಾಲಿಕೆ ಎಂದು ಬೀಟ್ ಇರುವಂತೆ ನೀವೂ ಎರಡನೇ ವರ್ಷದ ಹೊತ್ತಿಗೆ ಒಂದು ಕ್ಷೇತ್ರ ಆರಿಸಿಕೊಳ್ಳಿ: ಶಾಲಾ ಶಿಕ್ಷಣ, ಸಾರ್ವಜನಿಕ ಆರೋಗ್ಯ, ಅಂಗವಿಕಲರ ಹಕ್ಕು, ಕೆರೆ ಮತ್ತು ಅಂತರ್ಜಲ, ಅರಣ್ಯ, ಮಹಿಳಾ ಸ್ವಸಹಾಯ ಸಂಘ. ನಿಮ್ಮ ಊರಿನ ಆಸುಪಾಸಿನಲ್ಲೇ ಕಾಣಸಿಗುವ ವಿಷಯವಾದರೆ ಒಳ್ಳೆಯದು. ಎರಡು ವರ್ಷ ಅದೇ ವಿಷಯದ ಸರ್ಕಾರಿ ಯೋಜನೆಗಳು, ಬಜೆಟ್, ಸಮೀಕ್ಷಾ ವರದಿಗಳನ್ನು ಓದಿದ ವಿದ್ಯಾರ್ಥಿ ಸಂದರ್ಶನದಲ್ಲಿ ಕುಳಿತಾಗ, ‘ಸಮಾಜಸೇವೆಯಲ್ಲಿ ಆಸಕ್ತಿಯಿದೆ’ ಎಂದಷ್ಟೇ ಹೇಳುವ ಹತ್ತು ಅಭ್ಯರ್ಥಿಗಳಿಗಿಂತ ಬೇರೆಯಾಗಿ ಕಾಣುತ್ತಾನೆ. ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆ ಹೇಗಿರುತ್ತದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಏನು ಮಾಡುತ್ತದೆ, ಆಶಾ ಕಾರ್ಯಕರ್ತೆಗೂ ಅಂಗನವಾಡಿ ಕಾರ್ಯಕರ್ತೆಗೂ ಇರುವ ವ್ಯತ್ಯಾಸವೇನು ಎಂಬುದು ಪಠ್ಯದಲ್ಲಿ ಇರದಿದ್ದರೂ ಕೆಲಸದಲ್ಲಿ ದಿನವೂ ಬೇಕಾಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿಯನ್ನಾದರೂ ನೀವೇ ಬರೆದು ಸಲ್ಲಿಸಿ, ಉತ್ತರ ಪಡೆದು, ಅದನ್ನು ಒಂದು ಬರಹವಾಗಿಸಿ.

ಭಾಷೆಯ ಮಾತಿಗೆ ಬಂದರೆ, ಕನ್ನಡ ಮಾಧ್ಯಮದಲ್ಲಿ ಓದಿದವರು ತಮ್ಮ ಕನ್ನಡವನ್ನು ಕೊರತೆಯೆಂದು ಭಾವಿಸುವುದು ತಪ್ಪು. ರಾಯಚೂರಿನ ಹಳ್ಳಿಯ ಮಹಿಳೆ ಹೇಳಿದ್ದನ್ನು ಅವರ ಮಾತಿನ ಜಾಡಿನಲ್ಲೇ ಕೇಳಿ ಅರ್ಥ ಮಾಡಿಕೊಂಡು ಇಂಗ್ಲಿಷ್ ಓದುವ ದಾನಿಗೆ ಅರ್ಥವಾಗುವಂತೆ ಬರೆಯಬಲ್ಲವರು ಬೆಂಗಳೂರಿನ ಸಂಸ್ಥೆಗಳಿಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಸರಳವಾಗಿ, ತಪ್ಪಿಲ್ಲದೆ ಎರಡು ಪುಟ ಬರೆಯುವ ಶಕ್ತಿ ಇಲ್ಲದೆ ಈ ಕ್ಷೇತ್ರದಲ್ಲಿ ಮೇಲೇರುವುದು ಕಷ್ಟ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ವಾರಕ್ಕೊಂದು ಕನ್ನಡ ವರದಿಯನ್ನು ಇಂಗ್ಲಿಷಿಗೂ ಒಂದು ಇಂಗ್ಲಿಷ್ ವರದಿಯನ್ನು ಕನ್ನಡಕ್ಕೂ ತರುವ ಅಭ್ಯಾಸ ಇಟ್ಟುಕೊಂಡರೆ ಎರಡು ಭಾಷೆಯೂ ಹದವಾಗುತ್ತದೆ.

ತಾಂತ್ರಿಕ ಕೌಶಲಗಳಲ್ಲಿ ಯಾರೂ ಹೇಳಿಕೊಡದ ಒಂದಿದೆ. ಹಲವು ಮುದ್ರಣಾಲಯಗಳು ಇಂದಿಗೂ ನುಡಿ ಅಥವಾ ಶ್ರೀಲಿಪಿ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಪುಟ ಕಟ್ಟುತ್ತವೆ, ಜಾಲತಾಣಕ್ಕೂ ಮೊಬೈಲ್‌ಗೂ ಯೂನಿಕೋಡ್ ಬೇಕು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತು, ಅಂಕಿಗಳು ಕೆಡುವುದು ಸಾಮಾನ್ಯ. ಪರಿವರ್ತಿಸಿದ ಪಠ್ಯದ ಕರಡನ್ನು ಅಚ್ಚಿಗೆ ಹೋಗುವ ಮುನ್ನ ಮತ್ತೊಮ್ಮೆ ಪೂರ್ತಿ ಓದುವ ಶಿಸ್ತು ನಿಮ್ಮಲ್ಲಿದ್ದರೆ ಸಂಸ್ಥೆಯ ಸಾವಿರಾರು ಕರಪತ್ರಗಳು ಉಳಿಯುತ್ತವೆ. ಇದರ ಜೊತೆ ಎಕ್ಸೆಲ್‌ನಲ್ಲಿ ಪಟ್ಟಿ ಸೋಸಿ ಶೇಕಡಾವಾರು ಲೆಕ್ಕ ಹಾಕುವುದು, ಮೊಬೈಲ್‌ನಲ್ಲಿ ಧ್ವನಿ ಸ್ಪಷ್ಟವಾಗಿ ಕೇಳುವಂತೆ ಸಂದರ್ಶನ ಚಿತ್ರೀಕರಿಸುವುದು, ಕ್ಯಾನ್ವಾದಲ್ಲಿ ಸರಳ ವಿನ್ಯಾಸ ಮಾಡುವುದು ಬಂದರೆ ಸಾಕು. ಸಾಮಾಜಿಕ ಜಾಲತಾಣದ ತಂತ್ರಗಳನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಯಬಹುದು, ಅವು ಹೇಗೂ ಆಗಾಗ ಬದಲಾಗುತ್ತವೆ.

ಸ್ನಾತಕೋತ್ತರ ಪದವಿಯಲ್ಲಿರುವವರು ಪ್ರಬಂಧದ ವಿಷಯವನ್ನು ಈ ಕಡೆಗೆ ತಿರುಗಿಸಿಕೊಳ್ಳಬಹುದು. ಇದಕ್ಕೆ ನಮ್ಮ ನಾಡಿನಲ್ಲೇ ಒಳ್ಳೆಯ ಸಾಮಗ್ರಿಯಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ ಆರಂಭವಾದ ‘ನಮ್ಮ ಧ್ವನಿ’ಗೆ ಆಗ ಬಾನುಲಿ ಪರವಾನಗಿ ಸಿಗುವಂತಿರಲಿಲ್ಲವಾದ್ದರಿಂದ ಹಳ್ಳಿಯ ಮಹಿಳೆಯರು ತಯಾರಿಸಿದ ಕಾರ್ಯಕ್ರಮಗಳು ಕೇಬಲ್ ಮೂಲಕ ಮನೆಗಳನ್ನು ತಲುಪಿದವು, ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ನೀತಿಯಿಂದ. ಸರಗೂರಿನ ‘ಜನಧ್ವನಿ’ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಇಂಥ ಕೇಂದ್ರ. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯು ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ವರದಿಗಾರಿಕೆ ಎಲ್ಲಿ ಮುಗಿದು ಸಮುದಾಯದ ಸಂವಹನ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಈ ಪ್ರಯತ್ನಗಳನ್ನು ಓದಿದಷ್ಟು ಚೆನ್ನಾಗಿ ಯಾವ ಸಿದ್ಧಾಂತದ ಪುಸ್ತಕದಿಂದಲೂ ತಿಳಿಯಲಾರದು.

ಮೂರನೇ ಹಂತ: ಸಂಸ್ಥೆಯನ್ನು ವರದಿಗಾರನ ಕಣ್ಣಿನಿಂದ ನೋಡಿ, ಆಮೇಲೆ ಅರ್ಜಿ ಹಾಕಿ

ನಮ್ಮ ದೇಶದಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಟ್ರಸ್ಟ್ ಆಗಿರಬಹುದು, ಕರ್ನಾಟಕದಲ್ಲಾದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಘವಾಗಿರಬಹುದು, ಇಲ್ಲವೇ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನಡಿಯ, ಲಾಭ ಹಂಚಿಕೊಳ್ಳದ ಕಂಪನಿಯಾಗಿರಬಹುದು. ಅರ್ಜಿ ಹಾಕುವ ಮೊದಲು ಅದು ಇವುಗಳಲ್ಲಿ ಯಾವುದು, ಯಾವಾಗ ನೋಂದಣಿಯಾಯಿತು, ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆ ಎಂದು ನೋಡಿ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಪ್ರಾಥಮಿಕ ವಿವರ ಸಿಗುತ್ತದೆ. ಜಾಲತಾಣದಲ್ಲಿ ಕಳೆದ 3 ವರ್ಷಗಳ ವಾರ್ಷಿಕ ವರದಿಯೂ ಲೆಕ್ಕಪರಿಶೋಧಿತ ಲೆಕ್ಕಪತ್ರವೂ ಇದೆಯೇ ಎಂದು ಹುಡುಕಿ, ಇದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ವರದಿಯಲ್ಲಿ ಹತ್ತು ಪುಟ ತುಂಬಿದ ಕಾರ್ಯಕ್ರಮಕ್ಕೆ ಲೆಕ್ಕದಲ್ಲಿ ಸಣ್ಣ ಮೊತ್ತವಿದ್ದರೆ ಏಕೆಂದು ಕೇಳಬೇಕು. ಸಮಾಧಾನಕರ ಉತ್ತರವೂ ಇರಬಹುದು. ಒಂದು ಸಂಸ್ಥೆಯ ಒಟ್ಟು ಹಣವೆಲ್ಲ ಒಬ್ಬನೇ ದಾನಿಯಿಂದ ಬರುತ್ತಿದ್ದರೆ ಆ ದಾನಿ ಹಿಂದೆ ಸರಿದ ದಿನ ಮೊದಲು ಹೋಗುವ ಹುದ್ದೆಗಳಲ್ಲಿ ಸಂವಹನದ್ದೂ ಒಂದು.

ಉದ್ಯೋಗದ ಪ್ರಕಟಣೆಗಳು ಡೆವ್‌ನೆಟ್ ಜಾಬ್ಸ್ ಇಂಡಿಯಾ, ಲಿಂಕ್ಡ್‌ಇನ್ ಮತ್ತು ಸಂಸ್ಥೆಗಳ ಸ್ವಂತ ಜಾಲತಾಣಗಳಲ್ಲಿ ಬರುತ್ತವೆ. ಜಿಲ್ಲಾ ಮಟ್ಟದ ಸಂಸ್ಥೆಗಳು ಪ್ರಕಟಣೆ ಕೊಡುವುದು ಕಡಿಮೆ. ಅಲ್ಲಿ ಬಾಯಿಮಾತಿನಿಂದಲೇ ಸುದ್ದಿ ಹರಡುತ್ತದೆ. ಆದ್ದರಿಂದ ಪದವಿಯ ರಜೆಯಲ್ಲಿ ಒಂದು ತಿಂಗಳಾದರೂ ಹತ್ತಿರದ ಸಂಸ್ಥೆಯೊಂದರಲ್ಲಿ ಸ್ವಯಂಸೇವಕರಾಗಿ ಕೆಲಸ ಮಾಡಿ. ‘ಏನಾದರೂ ಕೆಲಸ ಕೊಡಿ’ ಎಂದು ಹೋಗುವ ಬದಲು, ‘ನಿಮ್ಮ ಕಳೆದ ಐದು ವರ್ಷಗಳ ಫೋಟೊಗಳನ್ನು ದಿನಾಂಕ, ಊರು, ಕಾರ್ಯಕ್ರಮದ ಪ್ರಕಾರ ಜೋಡಿಸಿಕೊಡುತ್ತೇನೆ’ ಎಂದು ಹೋದರೆ ಬಾಗಿಲು ಬೇಗ ತೆರೆಯುತ್ತದೆ; ಹೆಚ್ಚಿನ ಸಂಸ್ಥೆಗಳಲ್ಲಿ ಆ ಫೋಟೊಗಳು ಹತ್ತು ಜನರ ವಾಟ್ಸ್‌ಆ್ಯಪ್‌ನಲ್ಲಿ ಚದುರಿಹೋಗಿರುತ್ತವೆ. ಹಳ್ಳಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇರಲು ಸಿದ್ಧರಿರುವವರು 13 ತಿಂಗಳ ಎಸ್‌ಬಿಐ ಯೂತ್ ಫಾರ್ ಇಂಡಿಯಾ ಅಥವಾ 2 ವರ್ಷಗಳ ಗಾಂಧಿ ಫೆಲೋಶಿಪ್‌ನಂಥ ಅವಕಾಶಗಳನ್ನು ಗಮನಿಸಬಹುದು. ಅಭಿವೃದ್ಧಿ ಅಧ್ಯಯನದಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿ ಬೇಕೇ ಎಂದು ಹಲವರು ಕೇಳುತ್ತಾರೆ. ಮೊದಲ ಕೆಲಸಕ್ಕೆ ಬೇಡ. ಕೆಲವು ವರ್ಷ ದುಡಿದು, ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ ಎಂದು ತಿಳಿದ ಮೇಲೆ ಓದಿದರೆ ಲಾಭ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಅರ್ಜಿಯ ಜೊತೆ ಕಳುಹಿಸುವ ಮಾದರಿ ಬರಹಗಳು ನಾಲ್ಕೈದಕ್ಕಿಂತ ಹೆಚ್ಚು ಬೇಡ: ಸ್ಥಳಕ್ಕೆ ಹೋಗಿ ಬರೆದ ಒಂದು ನುಡಿಚಿತ್ರ, ಅಂಕಿಅಂಶ ಆಧರಿಸಿದ ಒಂದು ವರದಿ, ಒಂದು ಅನುವಾದ, ಮೂರು ನಿಮಿಷದೊಳಗಿನ ಒಂದು ವಿಡಿಯೊ. ಕಾಲೇಜಿನ ಪ್ರಯೋಗ ಪತ್ರಿಕೆಯಲ್ಲಿ ಬಂದದ್ದಾದರೂ ಅಡ್ಡಿಯಿಲ್ಲ. ಪ್ರತಿ ಬರಹದ ಕೆಳಗೆ ಅದಕ್ಕಾಗಿ ಯಾರೊಂದಿಗೆ ಮಾತನಾಡಿದಿರಿ, ಯಾವ ದಾಖಲೆ ನೋಡಿದಿರಿ ಎಂದು ಎರಡು ಸಾಲು ಸೇರಿಸಿ. ಹೀಗೆ ಮಾಡುವವರು ಬಹಳ ಕಡಿಮೆ.

ನಾಲ್ಕನೇ ಹಂತ: ಕೇಸ್ ಸ್ಟಡಿಯನ್ನು ವರದಿಯಂತೆ ಬರೆಯಲು ಕಲಿಯಿರಿ

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಿಮ್ಮ ಮೇಜಿಗೆ ಬರುವುದು ಕೇಸ್ ಸ್ಟಡಿ. ಹಳೆಯ ಕಡತಗಳನ್ನು ತೆರೆದರೆ ಎಲ್ಲವೂ ಒಂದೇ ಅಚ್ಚಿನಲ್ಲಿರುತ್ತವೆ: ಕಡು ಬಡತನ, ಸಂಸ್ಥೆಯ ಪ್ರವೇಶ, ತರಬೇತಿ, ‘ಇಂದು ಅವರ ಬದುಕು ಸಂಪೂರ್ಣ ಬದಲಾಗಿದೆ’. ಓದಿದವರು ನಂಬುವುದಿಲ್ಲ, ಬರೆದವರೂ ಪೂರ್ತಿ ನಂಬಿರುವುದಿಲ್ಲ. ‘ಯಾರು, ಏನು, ಎಲ್ಲಿ, ಯಾವಾಗ, ಏಕೆ’ ಎಂಬ ಐದು ಪ್ರಶ್ನೆಗಳು ಮತ್ತು ಒಂದು ‘ಹೇಗೆ’ ಎಂದು ಮೊದಲ ಸೆಮಿಸ್ಟರಿನಲ್ಲಿ ಕಲಿತದ್ದು ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಹೊಲಿಗೆ ತರಬೇತಿ ಪಡೆದ ಮಹಿಳೆಯೊಬ್ಬರ ಬಗ್ಗೆ ಕ್ಷೇತ್ರ ಕಾರ್ಯಕರ್ತೆ ಕಳುಹಿಸಿದ ಟಿಪ್ಪಣಿಯಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ: ‘ನಮ್ಮ ಸಂಸ್ಥೆಯ ತರಬೇತಿಯಿಂದ ಇವರು ಸ್ವಾವಲಂಬಿಯಾಗಿದ್ದಾರೆ.’ ನೀವು ಹಳ್ಳಿಗೆ ಹೋಗಿ ಕೇಳಬೇಕಾದ ಪ್ರಶ್ನೆಗಳು ಸಣ್ಣವು. ತರಬೇತಿಗೆ ಮುಂಚೆ ಏನು ಕೆಲಸ, ವರ್ಷದಲ್ಲಿ ಎಷ್ಟು ತಿಂಗಳು ಸಿಗುತ್ತಿತ್ತು? ಯಂತ್ರ ಯಾರದು, ಅದಕ್ಕೆ ಹಣ ಎಲ್ಲಿಂದ ಬಂತು? ತರಬೇತಿಗೆ ಹೋದಾಗ ಮಕ್ಕಳನ್ನು ಯಾರು ನೋಡಿಕೊಂಡರು? ಕಳೆದ ತಿಂಗಳು ಎಷ್ಟು ರವಿಕೆ ಹೊಲಿದರು, ಒಂದಕ್ಕೆ ಎಷ್ಟು ಕೂಲಿ? ಹಣ ಯಾರ ಕೈಯಲ್ಲಿ ಉಳಿಯುತ್ತದೆ? ಅವರ ಜೊತೆ ಕಲಿತ ಉಳಿದವರು ಈಗ ಏನು ಮಾಡುತ್ತಿದ್ದಾರೆ? ಈ ಉತ್ತರಗಳಿಂದ ಬರಹ ಹೀಗಾಗಬಹುದು:

‘ತರಬೇತಿಗೆ ಸೇರುವ ಮುಂಚೆ ಅವರು ಈರುಳ್ಳಿ ಕೀಳುವ ಕೂಲಿಗೆ ಹೋಗುತ್ತಿದ್ದರು, ಆ ಕೆಲಸ ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ. ತರಬೇತಿ ಮುಗಿದ ಮೇಲೂ ಐದು ತಿಂಗಳು ಅವರು ಏನನ್ನೂ ಹೊಲಿಯಲಿಲ್ಲ, ಮನೆಯಲ್ಲಿ ಯಂತ್ರವಿರಲಿಲ್ಲ. ಕೊನೆಗೆ ಸ್ವಸಹಾಯ ಸಂಘದಿಂದ ಸಾಲ ಪಡೆದು ಯಂತ್ರ ಕೊಂಡರು. ಈಗ ಶಾಲೆ ತೆರೆಯುವ ಜೂನ್‌ನಲ್ಲೂ ಮದುವೆಯ ತಿಂಗಳುಗಳಲ್ಲೂ ಕೈತುಂಬ ಕೆಲಸ. ಉಳಿದ ದಿನಗಳಲ್ಲಿ ಮತ್ತೆ ಕೂಲಿಗೆ ಹೋಗುತ್ತಾರೆ.’

ಇದರಲ್ಲಿ ‘ಸ್ವಾವಲಂಬಿ’ ಎಂಬ ಪದವೇ ಇಲ್ಲ, ಆದರೂ ಓದುವವರಿಗೆ ಆ ಮಹಿಳೆಯ ಬದುಕಿನಲ್ಲಿ ಏನಾಯಿತು ಎಂಬುದು ತಿಳಿಯುತ್ತದೆ. ಇನ್ನೊಂದು ಲಾಭವೂ ಇದೆ. ಆ ಐದು ತಿಂಗಳ ಖಾಲಿ ಅವಧಿ ಕಾರ್ಯಕ್ರಮದ ತಂಡಕ್ಕೆ ಒಂದು ವಿಷಯವನ್ನು ತೋರಿಸುತ್ತದೆ, ಅಂದರೆ ತರಬೇತಿಯ ಜೊತೆಗೇ ಯಂತ್ರದ ಸಾಲಕ್ಕೂ ವ್ಯವಸ್ಥೆ ಮಾಡದಿದ್ದರೆ ಕಲಿತದ್ದು ಕೈತಪ್ಪುತ್ತದೆ ಎಂಬುದನ್ನು. ಸಂವಹನ ಅಧಿಕಾರಿಯ ಬರಹದಿಂದ ಯೋಜನೆಯೇ ತಿದ್ದುಪಡಿಯಾಗುವ ಇಂಥ ಸಂದರ್ಭಗಳು ಬಂದಾಗ ನಿಮ್ಮನ್ನು ಸಭೆಗೆ ಕರೆಯತೊಡಗುತ್ತಾರೆ. ಅಲ್ಲಿಯವರೆಗೆ ನೀವು ಫೋಟೊ ತೆಗೆಯುವವರು ಮಾತ್ರ.

ದಾನಿಗಳಿಗೆ ಬರೆಯುವ ವರದಿಯಲ್ಲೂ ಇದೇ ನಿಯಮ. ಎಷ್ಟು ಜನಕ್ಕೆ ತರಬೇತಿ ಕೊಟ್ಟೆವು ಎಂಬುದು ಮಾಡಿದ ಕೆಲಸದ ಲೆಕ್ಕ, ಅವರಲ್ಲಿ ಎಷ್ಟು ಜನರ ಆದಾಯ ಬದಲಾಯಿತು ಎಂಬುದು ಫಲಿತಾಂಶದ ಲೆಕ್ಕ. ಇವೆರಡನ್ನು ಬೆರೆಸಿ ಬರೆಯುವುದು ಈ ಕ್ಷೇತ್ರದ ಬಹು ಸಾಮಾನ್ಯ ದೋಷ. ಒಬ್ಬರೇ ಮೂರು ಕಾರ್ಯಕ್ರಮಗಳಿಗೆ ಬಂದಿದ್ದರೆ ಅವರನ್ನು ಮೂವರೆಂದು ಎಣಿಸಿದ್ದಾರೆಯೇ, ‘ತಲುಪಿದವರು’ ಎಂಬ ಸಂಖ್ಯೆಯಲ್ಲಿ ಕರಪತ್ರ ಪಡೆದವರೂ ಸೇರಿದ್ದಾರೆಯೇ ಎಂದು ಕೇಳಿ. ಸಿಎಸ್‌ಆರ್ ಹೊಣೆ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿಗಳು 1 ಕೋಟಿ ರೂಪಾಯಿ ಮತ್ತು ಮೇಲ್ಪಟ್ಟ ಯೋಜನೆಗಳಿಗೆ ಸ್ವತಂತ್ರ ಸಂಸ್ಥೆಯಿಂದ ಪರಿಣಾಮದ ಮೌಲ್ಯಮಾಪನ ಮಾಡಿಸಬೇಕೆಂಬ ನಿಯಮವಿದೆ. ನೀವು ಇಂದು ಉಬ್ಬಿಸಿ ಬರೆದ ಸಂಖ್ಯೆಯನ್ನು ನಾಳೆ ಇನ್ನೊಬ್ಬರು ಪರೀಕ್ಷಿಸುತ್ತಾರೆ.

ಐದನೇ ಹಂತ: ಒಪ್ಪಿಗೆ ಮತ್ತು ಗುರುತಿನ ನಿಯಮಗಳನ್ನು ಕಂಠಪಾಠ ಮಾಡಿಕೊಳ್ಳಿ

ಪತ್ರಕರ್ತ ಸಾರ್ವಜನಿಕ ಸ್ಥಳದಲ್ಲಿ ಮಂತ್ರಿಯನ್ನು ಪ್ರಶ್ನಿಸುವಾಗ ಒಪ್ಪಿಗೆಯ ಮಾತೇ ಬರುವುದಿಲ್ಲ. ಸ್ವಯಂಸೇವಾ ಸಂಸ್ಥೆಯ ಬರಹಗಾರ ಮಾತನಾಡಿಸುವುದು ಸಂಸ್ಥೆಯಿಂದ ಪಡಿತರವನ್ನೋ ಔಷಧವನ್ನೋ ಸಾಲವನ್ನೋ ಪಡೆದವರನ್ನು. ಅವರು ‘ಬೇಡ’ ಎನ್ನಲು ಹಿಂಜರಿಯುತ್ತಾರೆ. ಆದ್ದರಿಂದ ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಫೋಟೊ ಎಲ್ಲಿ ಬರುತ್ತದೆ, ಯಾರು ನೋಡುತ್ತಾರೆ ಎಂಬುದನ್ನು ಹಳೆಯ ಕರಪತ್ರವನ್ನೋ ಮೊಬೈಲ್ ಪರದೆಯನ್ನೋ ತೋರಿಸಿ ಹೇಳಿ. ಬೇಡವೆಂದರೂ ಸೌಲಭ್ಯ ನಿಲ್ಲುವುದಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿ. ಆಮೇಲೆ ಮನಸ್ಸು ಬದಲಾದರೆ ಯಾರಿಗೆ ಫೋನ್ ಮಾಡಬೇಕೆಂಬ ಸಂಖ್ಯೆಯನ್ನೂ ಕೊಡಿ. ಇದನ್ನು ವಿವರಿಸಲು ಊರಿನವರೇ ಆದ ಕಾರ್ಯಕರ್ತೆಗಿಂತ ಒಳ್ಳೆಯವರಿಲ್ಲ, ಆದರೆ ಅದೇ ಕಾರ್ಯಕರ್ತೆಯ ಎದುರು ಕೆಲವರು ‘ಬೇಡ’ ಎನ್ನಲಾರರು ಎಂಬುದೂ ನಿಮಗೆ ಗೊತ್ತಿರಬೇಕು.

ಕಾನೂನು ಕೆಲವು ಕಡೆ ಒಪ್ಪಿಗೆಗೆ ಅವಕಾಶವನ್ನೇ ಬಹಳ ಕಿರಿದಾಗಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು, ಕಾನೂನು ಸಂಘರ್ಷಕ್ಕೆ ಒಳಗಾದ ಮಗು, ಅಪರಾಧದ ಸಂತ್ರಸ್ತ ಅಥವಾ ಸಾಕ್ಷಿಯಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಬೇರಾವುದೇ ವಿವರವನ್ನು ಯಾವುದೇ ರೂಪದ ಮಾಧ್ಯಮದಲ್ಲಿ ಪ್ರಕಟಿಸುವಂತಿಲ್ಲ. ಶಿಕ್ಷೆ 6 ತಿಂಗಳವರೆಗಿನ ಸೆರೆವಾಸ, 2 ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹಾಗೂ ಲೈಂಗಿಕ ಅಪರಾಧಗಳ ಸಂತ್ರಸ್ತರ ಗುರುತಿನ ಬಗೆಗಿನ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಕೂಡ ಇದೇ ದಾರಿಯವು. ಎಚ್‌ಐವಿ ಸೋಂಕಿನ ಮಾಹಿತಿಗೆ 2017ರ ಪ್ರತ್ಯೇಕ ಕಾಯ್ದೆ ಇದೆ. ಇವು ದಿನಪತ್ರಿಕೆಗೆ ಮಾತ್ರ ಅನ್ವಯಿಸುತ್ತವೆ ಎಂಬ ತಪ್ಪು ಕಲ್ಪನೆ ಸಂಸ್ಥೆಗಳಲ್ಲಿ ವ್ಯಾಪಕವಾಗಿದೆ. ಬಾಲಮಂದಿರದ ಹುಟ್ಟುಹಬ್ಬದ ಫೋಟೊ ಫೇಸ್‌ಬುಕ್‌ಗೆ ಹೋಗುವುದು ಹೀಗೆಯೇ. ಮುಖ ಮಸುಕು ಮಾಡಿ ಶಾಲೆಯ ಸಮವಸ್ತ್ರವನ್ನೂ ಊರಿನ ಹೆಸರಿನ ಫಲಕವನ್ನೂ ಹಾಗೇ ಬಿಟ್ಟ ಚಿತ್ರಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಇದರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುವುದರಿಂದ ಫಲಾನುಭವಿಗಳ ಪಟ್ಟಿ, ಫೋನ್ ಸಂಖ್ಯೆ, ಫೋಟೊಗಳ ಕಡತವನ್ನು ಯಾರು ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದನ್ನು ಸಂಸ್ಥೆ ಈಗಲೇ ತೀರ್ಮಾನಿಸಬೇಕು. ಆ ಸಭೆ ಕರೆಯುವಂತೆ ಒತ್ತಾಯಿಸುವುದು ನಿಮ್ಮ ಕೆಲಸ.

ಸುದ್ದಿಮನೆಯಿಂದ ಬಂದವರಿಗೆ ವಿಶೇಷವಾಗಿ ತಿಳಿದಿರಬೇಕಾದ ಇನ್ನೊಂದು ನಿಯಮವಿದೆ. ನೋಂದಾಯಿತ ಪತ್ರಿಕೆಯ ವರದಿಗಾರ, ಅಂಕಣಕಾರ, ವ್ಯಂಗ್ಯಚಿತ್ರಕಾರ, ಸಂಪಾದಕ, ಮಾಲೀಕ, ಮುದ್ರಕ, ಪ್ರಕಾಶಕರು ವಿದೇಶಿ ವಂತಿಗೆ ಪಡೆಯುವುದನ್ನು ಎಫ್‌ಸಿಆರ್‌ಎಯ 3ನೇ ಸೆಕ್ಷನ್ ನಿಷೇಧಿಸುತ್ತದೆ; ವಿದ್ಯುನ್ಮಾನ ವಿಧಾನದಲ್ಲಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮ ತಯಾರಿಸುವ ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗೆ ಸೇರಿದ ಉತ್ಸಾಹದಲ್ಲಿ ಮಾಸಪತ್ರಿಕೆಯನ್ನೋ ಸುದ್ದಿ ಬುಲೆಟಿನ್ನನ್ನೋ ಆರಂಭಿಸುವ ಮುನ್ನ ಸಂಸ್ಥೆಯ ಲೆಕ್ಕಪರಿಶೋಧಕರನ್ನೂ ವಕೀಲರನ್ನೂ ಲಿಖಿತವಾಗಿ ಕೇಳಿ.

ಆರನೇ ಹಂತ: ಪತ್ರಕರ್ತರ ಜೊತೆಗಿನ ನಂಟನ್ನು ಜಾಣ್ಮೆಯಿಂದ ಬಳಸಿ

ನಿಮ್ಮ ಸಹಪಾಠಿಗಳು ಪತ್ರಿಕೆಗಳಲ್ಲಿದ್ದಾರೆ ಎಂಬುದನ್ನು ಸಂಸ್ಥೆ ನಿಮ್ಮನ್ನು ಆರಿಸುವಾಗಲೇ ಲೆಕ್ಕ ಹಾಕಿರುತ್ತದೆ. ಉದ್ಘಾಟನೆ, ಶಾಲು, ಹಾರದ ಫೋಟೊ ಇರುವ ಪ್ರೆಸ್‌ನೋಟನ್ನು ಅವರಿಗೆ ಪದೇ ಪದೇ ಕಳುಹಿಸಿದರೆ ಆ ನಂಟು ಬೇಗ ಸವೆಯುತ್ತದೆ. ಕಚೇರಿಯ ಒಳಗೆ ‘ಇದು ಸುದ್ದಿಯಲ್ಲ’ ಎಂದು ಹೇಳಬಲ್ಲವರು ನೀವೊಬ್ಬರೇ ಆಗಿರಬಹುದು, ಹೇಳಿ. ಅದರ ಬದಲು ಜಿಲ್ಲೆಯ ವರದಿಗಾರರಿಗೆ ನಿಜವಾಗಿ ಉಪಯೋಗವಾಗುವುದನ್ನು ಕೊಡಿ: ನಿಮ್ಮ ಕ್ಷೇತ್ರದ ಬಗ್ಗೆ ತಾಲ್ಲೂಕುವಾರು ಅಂಕಿಅಂಶ, ಮಾತನಾಡಬಲ್ಲ ತಜ್ಞರ ಫೋನ್ ಸಂಖ್ಯೆ, ಸ್ಥಳಕ್ಕೆ ಹೋಗಲು ದಾರಿ. ವರದಿ ಪ್ರಕಟವಾಗುವ ಮುನ್ನ ಓದಲು ಕೊಡಿ ಎಂದು ಕೇಳಬೇಡಿ; ವರದಿಗಾರನಿಗೆ ಅದು ಹೇಗೆ ಕೇಳಿಸುತ್ತದೆ ಎಂಬುದು ನಿಮಗೆ ಗೊತ್ತು.

ದೇಣಿಗೆಯ ಮನವಿ ಬರೆಯುವುದೂ ಬೇಗನೆ ನಿಮ್ಮ ಪಾಲಿಗೆ ಬರುತ್ತದೆ. 80ಜಿ ಎಂದು ದಾನಿಗಳ ಬಾಯಲ್ಲಿರುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಸಿಗುತ್ತದೆ, 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ. ಇದನ್ನು ಹೇಳದೆ ‘ನಿಮ್ಮ ದಾನಕ್ಕೆ ತೆರಿಗೆ ವಿನಾಯಿತಿ ಇದೆ’ ಎಂದಷ್ಟೇ ಬರೆದರೆ ಮಾರ್ಚ್ ತಿಂಗಳ ಕೊನೆಯಲ್ಲಿ ಫೋನ್ ಕರೆಗಳಿಗೆ ಉತ್ತರಿಸಬೇಕಾದವರೂ ನೀವೇ.

ಏಳನೇ ಹಂತ: ನಿಷ್ಠೆಯ ಪ್ರಶ್ನೆಯನ್ನು ಮೊದಲೇ ಎದುರಿಸಿ

ಪತ್ರಿಕೆಯಲ್ಲಿ ನಿಮ್ಮ ನಿಷ್ಠೆ ಓದುಗನಿಗೆ. ಇಲ್ಲಿ ನೀವು ಸಂಸ್ಥೆಯ ಪರವಾಗಿ ಬರೆಯುತ್ತೀರಿ, ಬಹುತೇಕ ಬರಹಗಳ ಮೇಲೆ ನಿಮ್ಮ ಹೆಸರೂ ಇರುವುದಿಲ್ಲ. ಇದನ್ನು ಒಪ್ಪಿಕೊಳ್ಳಲಾಗದವರು ವರ್ಷದೊಳಗೆ ಬೇಸರಗೊಳ್ಳುತ್ತಾರೆ. ಕಷ್ಟದ ಪ್ರಸಂಗಗಳು ಬರುವುದು ಸಂಸ್ಥೆಯ ಒಳಗೇ ಏನಾದರೂ ತಪ್ಪಾದಾಗ: ಯೋಜನೆ ವಿಫಲವಾಗಿರುತ್ತದೆ, ಸಿಬ್ಬಂದಿಯ ಮೇಲೆ ದೂರು ಬಂದಿರುತ್ತದೆ, ದಾನಿಗೆ ಕೊಟ್ಟ ಸಂಖ್ಯೆ ತಪ್ಪೆಂದು ಗೊತ್ತಾಗಿರುತ್ತದೆ. ಆಗ ನಿಮ್ಮಿಂದ ನಿರೀಕ್ಷಿಸುವುದು ನಯವಾದ ವಾಕ್ಯಗಳನ್ನು. ಯಾವುದನ್ನು ಹೇಳದೆ ಇರಬಹುದು, ಯಾವುದನ್ನು ಸುಳ್ಳಾಗಿ ಹೇಳಲಾರೆ ಎಂಬ ಗೆರೆಯನ್ನು ಸೇರುವ ಮೊದಲೇ ಎಳೆದುಕೊಳ್ಳಿ, ಸಂದರ್ಶನದಲ್ಲೇ ಅದರ ಬಗ್ಗೆ ಕೇಳಿ: ‘ನಿಮ್ಮ ಯಾವ ಕಾರ್ಯಕ್ರಮ ನಿರೀಕ್ಷಿಸಿದಂತೆ ನಡೆಯಲಿಲ್ಲ? ಅದನ್ನು ವಾರ್ಷಿಕ ವರದಿಯಲ್ಲಿ ಹೇಗೆ ಬರೆದಿರಿ?’ ಈ ಪ್ರಶ್ನೆಗೆ ಮುಖ ಗಂಟಿಕ್ಕುವ ಸಂಸ್ಥೆಗೂ ನೇರವಾಗಿ ಉತ್ತರಿಸುವ ಸಂಸ್ಥೆಗೂ ಇರುವ ಅಂತರ ನಿಮ್ಮ ಮುಂದಿನ ಮೂರು ವರ್ಷಗಳನ್ನು ತೀರ್ಮಾನಿಸುತ್ತದೆ.

ನೇಮಕಾತಿ ಪತ್ರ ಕೈಗೆ ಬಂದಾಗ ಸಂಬಳದ ಅಂಕಿಗಿಂತ ಮೊದಲು ನೋಡಬೇಕಾದದ್ದು ಹುದ್ದೆಗೆ ಹಣ ಯಾವ ಯೋಜನೆಯಿಂದ ಬರುತ್ತದೆ, ಆ ಯೋಜನೆ ಯಾವಾಗ ಮುಗಿಯುತ್ತದೆ ಎಂಬುದನ್ನು. ‘ಕನ್ಸಲ್ಟೆಂಟ್’ ಎಂದು ಕರೆದಿದ್ದರೆ ಭವಿಷ್ಯನಿಧಿ, ರಜೆ, ಆರೋಗ್ಯ ವಿಮೆ ಇದೆಯೇ ಎಂದು ಕೇಳಿ, ಹೆಚ್ಚಾಗಿ ಇರುವುದಿಲ್ಲ. ಹಳ್ಳಿಗೆ ಹೋಗುವ ಬಸ್ಸಿನ ಖರ್ಚು, ಕ್ಯಾಮೆರಾ ಯಾರದು, ರಾತ್ರಿ ತಂಗುವ ವ್ಯವಸ್ಥೆ ಏನು, ನೀವು ತೆಗೆದ ಫೋಟೊ ಮತ್ತು ಬರಹಗಳನ್ನು ಮುಂದೆ ನಿಮ್ಮ ಮಾದರಿಗಳ ಕಡತದಲ್ಲಿ ತೋರಿಸಬಹುದೇ ಎಂಬುದನ್ನೂ ಪತ್ರದಲ್ಲೇ ಬರೆಸಿಕೊಳ್ಳಿ. ಪತ್ರಿಕೆಗಳಿಗೆ ಸ್ವಂತ ಹೆಸರಿನಲ್ಲಿ ಬರೆಯುವುದನ್ನು ಮುಂದುವರಿಸಬೇಕೆಂದಿದ್ದರೆ ಅದಕ್ಕೂ ಅನುಮತಿಯ ಒಂದು ಸಾಲು ಬೇಕು, ಮತ್ತು ನಿಮ್ಮ ಸಂಸ್ಥೆ ಕೆಲಸ ಮಾಡುವ ವಿಷಯದ ಬಗ್ಗೆ ಬರೆದಾಗ ಆ ಸಂಬಂಧವನ್ನು ಲೇಖನದ ಕೆಳಗೆ ತಿಳಿಸುವಂತೆ ಸಂಪಾದಕರನ್ನು ನೀವಾಗಿಯೇ ಕೇಳಿಕೊಳ್ಳಬೇಕು.